ಜಿಆರ್‌ಇ ಗಣಿತ: ಲಂಬಕೋನ ಎಲ್ಲಿ ಅಡಗಿದೆ ಅಂತ ಮೊದಲು ಹುಡುಕಿ

ವಿದೇಶದಲ್ಲಿ ಉನ್ನತ ಶಿಕ್ಷಣಕ್ಕೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಗೆ ಕೂರುವ ನಮ್ಮ ಹುಡುಗ ಹುಡುಗಿಯರಲ್ಲಿ ಪೈಥಾಗೊರಸ್ ಪ್ರಮೇಯ ಗೊತ್ತಿಲ್ಲದವರು ಸಿಗುವುದಿಲ್ಲ. ಹತ್ತನೇ ಕ್ಲಾಸಿನಲ್ಲಿ ಸಾಧನೆ ಸಮೇತ ಬಾಯಿಪಾಠ ಮಾಡಿದವರೇ ಎಲ್ಲರೂ. ಆದರೂ ಲಂಬಕೋನ ತ್ರಿಭುಜದ ಪ್ರಶ್ನೆಗಳಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಕಾರಣ ಸರಳ. ಎಷ್ಟೋ ಪ್ರಶ್ನೆಗಳಲ್ಲಿ ‘ಲಂಬಕೋನ ತ್ರಿಭುಜ’ ಅಂತ ಬರೆದೇ ಇರುವುದಿಲ್ಲ. ಒಂದು ವೃತ್ತ ಇರುತ್ತದೆ, ಇಲ್ಲವೇ ಒಂದು ಪೆಟ್ಟಿಗೆ, ಇಲ್ಲವೇ ಗ್ರಾಫಿನ ಮೇಲೆ ಎರಡು ಬಿಂದು. ತ್ರಿಭುಜವನ್ನು ನಾವೇ ಎಳೆದುಕೊಳ್ಳಬೇಕು. ಇನ್ನು ಕೆಲವು ಪ್ರಶ್ನೆಗಳಲ್ಲಿ ಇದರ ಉಲ್ಟಾ: ಚಿತ್ರದಲ್ಲಿ ಅಚ್ಚುಕಟ್ಟಾದ ಲಂಬಕೋನ ಕಾಣುತ್ತದೆ, ಆದರೆ ಅದು ಲಂಬಕೋನ ಅಂತ ಯಾರೂ ಹೇಳಿರುವುದಿಲ್ಲ.

ಹಾಗಾಗಿ ಇಲ್ಲಿ ಕೆಲಸ ಎರಡು. ಅಡಗಿರುವ ಲಂಬಕೋನವನ್ನು ಹುಡುಕುವುದು, ಸುಳ್ಳು ಲಂಬಕೋನವನ್ನು ನಂಬದೇ ಇರುವುದು. ಲೆಕ್ಕ ಮಾಡುವುದು ಆಮೇಲಿನ ಮಾತು, ಅದು ಸುಲಭದ ಭಾಗ.

ಪರೀಕ್ಷೆಯ ಸ್ವರೂಪ ಒಮ್ಮೆ ನೆನಪು ಮಾಡಿಕೊಳ್ಳೋಣ. 2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ ಚಿಕ್ಕದಾಗಿದೆ. ಗಣಿತಕ್ಕೆ ಎರಡು ಸೆಕ್ಷನ್. ಮೊದಲನೆಯದರಲ್ಲಿ 21 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 26 ನಿಮಿಷಕ್ಕೆ 15 ಪ್ರಶ್ನೆ. ಅಂದರೆ ಒಂದು ಪ್ರಶ್ನೆಗೆ ಎರಡು ನಿಮಿಷವೂ ಇಲ್ಲ. ಸೂತ್ರಗಳ ಪಟ್ಟಿ ಕೊಡುವುದಿಲ್ಲ. ಪರದೆಯ ಮೇಲೆ ಒಂದು ಸಾದಾ ಕ್ಯಾಲ್ಕುಲೇಟರ್ ಇರುತ್ತದೆ, ಅದರಲ್ಲಿ ವರ್ಗಮೂಲದ ಗುಂಡಿಯೂ ಇದೆ. ತ್ರಿಕೋನಮಿತಿ ಪಠ್ಯದಲ್ಲೇ ಇಲ್ಲ. ಸೈನ್, ಕಾಸ್ ಬೇಕು ಅನ್ನಿಸಿದರೆ ನೀವು ದಾರಿ ತಪ್ಪಿದ್ದೀರಿ ಅಂತಲೇ ತಿಳಿಯಿರಿ. ಇನ್ನೂ ಚಿಕ್ಕ ದಾರಿ ಒಂದು ಇದ್ದೇ ಇರುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು: ಪರದೆಯ ಮೇಲೆ ‘ಹೈಪಾಟೆನ್ಯೂಸ್’ ಅಂತ ಬಂದರೆ ಅದು ವಿಕರ್ಣ, ‘ಲೆಗ್’ ಅಂತ ಬಂದರೆ ಲಂಬಕೋನದ ಅಕ್ಕಪಕ್ಕದ ಬಾಹು, ‘ಡಯಾಗನಲ್’ ಅಂದರೆ ಆಯತದ ಕರ್ಣ.

ಹೆಜ್ಜೆ 1: ಚಿತ್ರವನ್ನು ನೀವೇ ಮತ್ತೆ ಬರೆಯಿರಿ

ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆ ತನ್ನ ಸೂಚನೆಯಲ್ಲೇ ಹೇಳುತ್ತದೆ: ರೇಖಾಗಣಿತದ ಚಿತ್ರಗಳು ಅಳತೆಗೆ ಸರಿಯಾಗಿ ಇರಲೇಬೇಕು ಅಂತೇನಿಲ್ಲ. ನೇರವಾಗಿ ಕಾಣುವ ಗೆರೆ ನೇರವೇ. ಬಿಂದುಗಳು ಯಾವ ಕ್ರಮದಲ್ಲಿ ಕಾಣುತ್ತವೋ ಅದೇ ಕ್ರಮ. ಇಷ್ಟನ್ನು ನಂಬಬಹುದು. ಕೋನ ಎಷ್ಟು, ಯಾವ ಬಾಹು ಉದ್ದ ಅನ್ನುವುದನ್ನು ಕಣ್ಣಳತೆಯಲ್ಲಿ ತೀರ್ಮಾನಿಸಬಾರದು. ಗ್ರಾಫಿನ ಮೇಲಿನ ಚಿತ್ರಗಳ ಮಾತು ಬೇರೆ. ಅವು ಅಳತೆಗೆ ತಕ್ಕಂತೆ ಇರುತ್ತವೆ.

ಆದ್ದರಿಂದ ಪರದೆ ನೋಡುತ್ತಾ ಯೋಚಿಸಬೇಡಿ. ಚಿತ್ರವನ್ನು ರಫ್ ಹಾಳೆಗೆ ಇಳಿಸಿ. ಕೊಟ್ಟಿರುವ ಸಂಖ್ಯೆಗಳನ್ನಷ್ಟೇ ಬರೆಯಿರಿ. ಲಂಬಕೋನ ಅಂತ ಖಾತ್ರಿ ಇರುವ ಮೂಲೆಗೆ ಮಾತ್ರ ಚಿಕ್ಕ ಚೌಕ ಹಾಕಿ. ಈ ಚೌಕ ಹಾಕುವ ಮುಂಚೆ ಅರೆಕ್ಷಣ ನಿಲ್ಲುತ್ತೀರಲ್ಲ, ಅಲ್ಲೇ ಎಷ್ಟೋ ತಪ್ಪು ತಪ್ಪಿಹೋಗುತ್ತದೆ.

ಹೆಜ್ಜೆ 2: ಲಂಬಕೋನಕ್ಕೆ ಸಾಕ್ಷಿ ಕೇಳಿ

ಲಂಬಕೋನ ಸುಮ್ನೆ ಎಲ್ಲಿಂದಲೋ ಬರುವುದಿಲ್ಲ. ಅದು ಬರುವ ದಾರಿಗಳು ಕೆಲವೇ. ಆಯತ ಅಥವಾ ಚೌಕದ ಮೂಲೆ ಮೊದಲನೆಯದು. ಕರ್ಣ ಎಳೆದ ಕೂಡಲೇ ಎರಡು ಲಂಬಕೋನ ತ್ರಿಭುಜ ಸಿಗುತ್ತವೆ. ಪ್ರಾಚೀನ ಭಾರತದ ಗ್ರಂಥ ಬೌಧಾಯನ ಶುಲ್ಬಸೂತ್ರದಲ್ಲಿ ಪೈಥಾಗೊರಸ್ ಪ್ರಮೇಯವನ್ನು ಹೇಳಿರುವುದೂ ತ್ರಿಭುಜದ ಮೂಲಕ ಅಲ್ಲ, ಆಯತದ ಕರ್ಣದ ಮೂಲಕವೇ.

ಎರಡನೆಯದು ವೃತ್ತ. ಇಲ್ಲಿ ಮೂರು ಜಾಗ ನೋಡಬೇಕು. ವ್ಯಾಸದ ಎರಡು ತುದಿಗಳನ್ನು ವೃತ್ತದ ಮೇಲಿನ ಯಾವುದೇ ಬಿಂದುವಿಗೆ ಸೇರಿಸಿದರೆ ಆ ಬಿಂದುವಿನಲ್ಲಿ 90 ಡಿಗ್ರಿ. ಸ್ಪರ್ಶಕ ವೃತ್ತವನ್ನು ಮುಟ್ಟುವ ಕಡೆ ತ್ರಿಜ್ಯ ಎಳೆದರೆ ಅಲ್ಲಿ 90 ಡಿಗ್ರಿ. ಕೇಂದ್ರದಿಂದ ಜ್ಯಾದ ಮಧ್ಯಬಿಂದುವಿಗೆ ಗೆರೆ ಎಳೆದರೆ ಅಲ್ಲೂ 90 ಡಿಗ್ರಿ.

ಮೂರನೆಯದು ಸಮದ್ವಿಬಾಹು ತ್ರಿಭುಜ. ತುದಿಯಿಂದ ಪಾದಕ್ಕೆ ಲಂಬ ಇಳಿಸಿದರೆ ಪಾದ ಸರಿಯಾಗಿ ಅರ್ಧ ಆಗುತ್ತದೆ. ನಾಲ್ಕನೆಯದು ಗ್ರಾಫ್. ಅಡ್ಡ ಗೆರೆ, ಉದ್ದ ಗೆರೆ ಎಲ್ಲಿ ಸೇರಿದರೂ ಲಂಬಕೋನವೇ. ‘ಉತ್ತರಕ್ಕೆ ಇಷ್ಟು ಮೈಲಿ, ಆಮೇಲೆ ಪೂರ್ವಕ್ಕೆ ಇಷ್ಟು ಮೈಲಿ’ ಅನ್ನುವ ಪ್ರಶ್ನೆಯೂ ಇದೇ ಜಾತಿ.

ಇನ್ನು ಮೂರೂ ಬಾಹು ಕೊಟ್ಟಿದ್ದರೆ ಬಾಹುಗಳೇ ಸಾಕ್ಷಿ ಹೇಳುತ್ತವೆ. ಮನೆಗೆ ಪಾಯ ಗುರುತು ಹಾಕುವಾಗ ಮೇಸ್ತ್ರಿಗಳು ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಅಳೆದು, ಆ ಎರಡು ಗುರುತುಗಳ ನಡುವೆ 5 ಅಡಿ ಬರುತ್ತಾ ಅಂತ ಟೇಪ್ ಹಿಡಿದು ನೋಡುತ್ತಾರೆ. ಬಂದರೆ ಮೂಲೆ ಸರಿ ಇದೆ. ಪ್ರಮೇಯದ ವಿಲೋಮ ಅಂತ ನಾವು ಓದಿದ್ದು ಇದನ್ನೇ. ದೊಡ್ಡ ಬಾಹುವಿನ ವರ್ಗ ಉಳಿದೆರಡರ ವರ್ಗಗಳ ಮೊತ್ತಕ್ಕೆ ಸಮ ಇದ್ದರೆ ಲಂಬಕೋನ, ಮೊತ್ತಕ್ಕಿಂತ ಜಾಸ್ತಿ ಇದ್ದರೆ ದೊಡ್ಡ ಬಾಹುವಿನ ಎದುರಿನದು ವಿಶಾಲ ಕೋನ, ಕಡಿಮೆ ಇದ್ದರೆ ಲಘು ಕೋನ.

ಒಂದು ಪ್ರಶ್ನೆ ನೋಡಿ. ವೃತ್ತದಲ್ಲಿ ಎಬಿ ವ್ಯಾಸ. ಸಿ ವೃತ್ತದ ಮೇಲಿನ ಒಂದು ಬಿಂದು. ಎಸಿ 10, ಬಿಸಿ 24. ವೃತ್ತದ ವಿಸ್ತೀರ್ಣ ಎಷ್ಟು? ತ್ರಿಜ್ಯ ಕೊಟ್ಟಿಲ್ಲ ಅಂತ ಗಾಬರಿ ಬೇಡ. ಎಬಿ ವ್ಯಾಸ ಅಂದ ಮೇಲೆ ಸಿ ಹತ್ತಿರ ಲಂಬಕೋನ. ಹಾಗಾದರೆ ಎಬಿ ವಿಕರ್ಣ. 10 ಮತ್ತು 24 ಅಂದರೆ 5 ಮತ್ತು 12ರ ಎರಡರಷ್ಟು. ವಿಕರ್ಣ 26, ತ್ರಿಜ್ಯ 13, ವಿಸ್ತೀರ್ಣ 169π. ಇಡೀ ಪ್ರಶ್ನೆ ನಿಂತಿರುವುದು ‘ವ್ಯಾಸ’ ಅನ್ನುವ ಒಂದೇ ಪದದ ಮೇಲೆ.

ಹೆಜ್ಜೆ 3: ವರ್ಗ ಮಾಡುವ ಮುಂಚೆ ತ್ರಿವಳಿ ನೋಡಿ

ಪ್ರಶ್ನೆ ಬರೆಯುವವರಿಗೂ ಉತ್ತರ ಚೆನ್ನಾಗಿ ಬರಬೇಕು, ಅಲ್ವಾ? ಅದಕ್ಕೇ ಕೆಲವೇ ತ್ರಿಭುಜಗಳು ಮತ್ತೆ ಮತ್ತೆ ಬರುತ್ತವೆ. 3-4-5, 5-12-13, 8-15-17, 7-24-25. ಹೀಗೆ ಲಂಬಕೋನ ತ್ರಿಭುಜದ ಮೂರು ಬಾಹುಗಳಾಗುವ ಪೂರ್ಣಸಂಖ್ಯೆಗಳೇ ತ್ರಿವಳಿ. ಈ ನಾಲ್ಕು ನಾಲಿಗೆಯ ತುದಿಯಲ್ಲಿರಲಿ. ಮೊದಲ ಎರಡಂತೂ ನಿದ್ದೆಯಲ್ಲಿ ಕೇಳಿದರೂ ಬರಬೇಕು.

ಇವು ಹೀಗೇ ನೇರವಾಗಿ ಬರುವುದು ಕಡಿಮೆ. ಗುಣಿಸಿಕೊಂಡು ಬರುತ್ತವೆ. ವಿಕರ್ಣ 60, ಒಂದು ಬಾಹು 36 ಅಂತ ಕೊಟ್ಟರೆ ಎರಡಕ್ಕೂ ಸಮಾನ ಅಪವರ್ತನ ತೆಗೆಯಿರಿ. 12ರಿಂದ ಭಾಗಿಸಿದರೆ 5 ಮತ್ತು 3. ಉಳಿದದ್ದು 4. ವಾಪಸ್ 12ರಿಂದ ಗುಣಿಸಿ, ಉತ್ತರ 48. ಕ್ಯಾಲ್ಕುಲೇಟರ್‌ನಲ್ಲಿ 3600ರಿಂದ 1296 ಕಳೆದು ವರ್ಗಮೂಲ ತೆಗೆದರೂ ಅದೇ ಬರುತ್ತದೆ, ಆದರೆ ಮೌಸ್ ಹಿಡಿದು ಒಂದೊಂದೇ ಗುಂಡಿ ಒತ್ತುವ ಹೊತ್ತಿಗೆ ಮುಂದಿನ ಪ್ರಶ್ನೆ ಅರ್ಧ ಓದಬಹುದಿತ್ತು. ದಶಮಾಂಶವೂ ಹೀಗೇ. 1.5 ಮತ್ತು 2 ಅಂದರೆ 3 ಮತ್ತು 4ರ ಅರ್ಧ, ಹಾಗಾಗಿ ವಿಕರ್ಣ 2.5.

ಇಲ್ಲೇ ಒಂದು ಗುಂಡಿ ತೋಡಿಟ್ಟಿರುತ್ತಾರೆ. ಎರಡು ಬಾಹು 3 ಮತ್ತು 4 ಅಂತ ಕಂಡ ಕೂಡಲೇ ಕೈ 5ರ ಕಡೆ ಓಡುತ್ತದೆ. ಆದರೆ 4 ವಿಕರ್ಣವಾಗಿದ್ದರೆ? ಆಗ ಮೂರನೆಯದು √7. ಮೂರನೇ ಬಾಹು 5 ಆಗಬೇಕಾದರೆ 3 ಮತ್ತು 4 ಎರಡೂ ಲಂಬಕೋನದ ಅಕ್ಕಪಕ್ಕ ಇರಬೇಕು. ತ್ರಿವಳಿಯ ದೊಡ್ಡ ಸಂಖ್ಯೆ ವಿಕರ್ಣದ ಮೇಲೇ ಕೂರಬೇಕು, ಬೇರೆಲ್ಲೂ ಅಲ್ಲ.

ಹೆಜ್ಜೆ 4: ಕೋನ ಕೊಟ್ಟಿದ್ದರೆ ಎರಡೇ ತ್ರಿಭುಜ

45 ಡಿಗ್ರಿ ಕಂಡರೆ ಬಾಹುಗಳ ಅನುಪಾತ 1 : 1 : √2. ಬಾಹು ಗೊತ್ತಿದ್ದರೆ √2ರಿಂದ ಗುಣಿಸಿ ವಿಕರ್ಣ ತೆಗೆಯಿರಿ. ವಿಕರ್ಣ ಗೊತ್ತಿದ್ದರೆ ಅರ್ಧ ಮಾಡಿ √2ರಿಂದ ಗುಣಿಸಿ. ವಿಕರ್ಣ 10 ಆದರೆ ಬಾಹು 5√2. ಚೌಕದ ಕರ್ಣ ಕೊಟ್ಟು ವಿಸ್ತೀರ್ಣ ಕೇಳಿದರೆ ಬಾಹು ಕಂಡುಹಿಡಿಯುವ ಗೋಜೇ ಬೇಡ, ಕರ್ಣದ ವರ್ಗದ ಅರ್ಧ ಸಾಕು.

30 ಅಥವಾ 60 ಕಂಡರೆ 1 : √3 : 2. ಇದರಲ್ಲಿ ತಪ್ಪು ಜಾಸ್ತಿ ಆಗುತ್ತದೆ. √3 ನೋಡಲು ದೊಡ್ಡದಾಗಿ ಕಾಣುವುದರಿಂದ ಕೆಲವರು ಅದನ್ನೇ ವಿಕರ್ಣ ಮಾಡಿಬಿಡುತ್ತಾರೆ. √3 ಅಂದರೆ ಸುಮಾರು 1.73, ಅಂದರೆ 2ಕ್ಕಿಂತ ಚಿಕ್ಕದು. ನನ್ನ ಸಲಹೆ: ಯಾವ ಬಾಹು ಕೊಟ್ಟರೂ ಮೊದಲು ಅತಿ ಚಿಕ್ಕ ಬಾಹುವಿಗೆ ಬನ್ನಿ, ಅಲ್ಲಿಂದ ಉಳಿದದ್ದಕ್ಕೆ ಹೋಗಿ. ಚಿಕ್ಕದು 30 ಡಿಗ್ರಿಯ ಎದುರು ಇರುತ್ತದೆ. ವಿಕರ್ಣ ಕೊಟ್ಟರೆ ಅರ್ಧ ಮಾಡಿ. 60ರ ಎದುರಿನ ಬಾಹು ಕೊಟ್ಟರೆ √3ರಿಂದ ಭಾಗಿಸಿ. ಉದಾಹರಣೆಗೆ ಆ ಬಾಹು 9 ಅಂದುಕೊಳ್ಳಿ. ಚಿಕ್ಕದು 3√3, ವಿಕರ್ಣ 6√3.

ಸಮಬಾಹು ತ್ರಿಭುಜಕ್ಕೆ ಲಂಬ ಇಳಿಸಿದರೆ ಸಿಗುವುದೂ ಇದೇ ತ್ರಿಭುಜ. ಅಂದ ಹಾಗೆ, 3-4-5 ತ್ರಿಭುಜದ ಕೋನಗಳು 30 ಮತ್ತು 60 ಅಲ್ಲ. ಅವು ಸುಮಾರು 37 ಮತ್ತು 53. ಈ ಎರಡನ್ನು ಬೆರೆಸುವವರು ಕಡಿಮೆ ಏನಿಲ್ಲ.

ಹೆಜ್ಜೆ 5: ಲಂಬಕೋನ ಇಲ್ಲದಿದ್ದರೆ ನೀವೇ ಒಂದು ಮಾಡಿ

ಕಷ್ಟದ ಪ್ರಶ್ನೆಗಳು ಬಿಡಿಸಿಕೊಳ್ಳುವುದು ಇಲ್ಲೇ. ತ್ರಿಭುಜ ಎಬಿಸಿಯಲ್ಲಿ ಎಬಿ 6, ಬಿಸಿ 10, ಬಿ ಕೋನ 120 ಡಿಗ್ರಿ. ಎಸಿ ಎಷ್ಟು?

ಪಿಯುಸಿ ಓದಿದವರಿಗೆ ಕೊಸೈನ್ ನಿಯಮ ನೆನಪಾಗುತ್ತದೆ. ಬೇಕಿಲ್ಲ. ಸಿ ಇಂದ ಬಿ ಕಡೆಗೆ ಬರುವ ಗೆರೆಯನ್ನು ಬಿ ದಾಟಿ ಇನ್ನಷ್ಟು ಉದ್ದ ಎಳೆಯಿರಿ. ಎ ಇಂದ ಆ ಗೆರೆಗೆ ಲಂಬ ಇಳಿಸಿ. ಅದು ಬಂದು ಸೇರುವ ಬಿಂದು ಡಿ. ಬಿ ಹತ್ತಿರ ಹೊರಗಿನ ಕೋನ 180ರಲ್ಲಿ 120 ಕಳೆದರೆ 60. ಹಾಗಾದರೆ ಎಡಿಬಿ ನಮ್ಮ 30-60-90 ತ್ರಿಭುಜ. ಅದರ ವಿಕರ್ಣ 6. ಬಿಡಿ 3, ಎಡಿ 3√3.

ಈಗ ದೊಡ್ಡ ತ್ರಿಭುಜ ಎಡಿಸಿ ನೋಡಿ. ಡಿ ಹತ್ತಿರ ಲಂಬಕೋನ. ಡಿಸಿ ಅಂದರೆ 3 ಮತ್ತು 10 ಸೇರಿ 13. ಎಸಿಯ ವರ್ಗ 169 + 27 = 196. ಎಸಿ 14. ತ್ರಿಕೋನಮಿತಿಯ ಒಂದು ಅಕ್ಷರವೂ ಬೇಕಾಗಲಿಲ್ಲ.

ಲಂಬವನ್ನು ಎಲ್ಲಿಂದ ಇಳಿಸಬೇಕು ಅನ್ನುವುದು ಮುಖ್ಯ. ಗೊತ್ತಿರುವ ಕೋನವನ್ನು ಎರಡು ತುಂಡು ಮಾಡಬೇಡಿ. ಮೇಲಿನ ಪ್ರಶ್ನೆಯಲ್ಲಿ ಬಿ ಇಂದಲೇ ಲಂಬ ಇಳಿಸಿದ್ದರೆ 120 ಒಡೆದುಹೋಗಿ, ಎಷ್ಟು ಎಷ್ಟಾಯಿತು ಅಂತ ಗೊತ್ತಾಗದೆ ಅಲ್ಲೇ ಕೂರಬೇಕಿತ್ತು. 30, 45, 60 ಇಡಿಯಾಗಿ ಉಳಿಯುವ ಹಾಗೆ ಎಳೆಯಿರಿ.

ಪೆಟ್ಟಿಗೆಯ ಪ್ರಶ್ನೆಯಲ್ಲಿ ಎರಡು ಲಂಬಕೋನ ತ್ರಿಭುಜ ಒಂದರ ಮೇಲೊಂದು ಇರುತ್ತವೆ. 3, 4, 12 ಅಳತೆಯ ಪೆಟ್ಟಿಗೆಯ ಒಂದು ಮೂಲೆಯಿಂದ ಎದುರಿನ ಮೇಲ್ಮೂಲೆಗೆ ಎಷ್ಟು ದೂರ? ತಳದ ಕರ್ಣ 5. ಆ 5 ಮತ್ತು ಎತ್ತರ 12 ಸೇರಿ 13. ಮೂರೂ ವರ್ಗಗಳನ್ನು ಒಟ್ಟಿಗೆ ಕೂಡಿ ವರ್ಗಮೂಲ ತೆಗೆದರೂ ಅಷ್ಟೇ.

ಹೆಜ್ಜೆ 6: ವಿಸ್ತೀರ್ಣವನ್ನು ಎರಡು ರೀತಿ ಬರೆಯಿರಿ

ಲಂಬಕೋನದ ಅಕ್ಕಪಕ್ಕದ ಬಾಹುಗಳು 15 ಮತ್ತು 20 ಇರುವ ತ್ರಿಭುಜದಲ್ಲಿ ಲಂಬಕೋನದ ಮೂಲೆಯಿಂದ ವಿಕರ್ಣಕ್ಕೆ ಲಂಬ ಇಳಿಸಿದ್ದಾರೆ. ಅದರ ಉದ್ದ ಎಷ್ಟು? ಸಮರೂಪ ತ್ರಿಭುಜ ಹಿಡಿದು ಹೋಗಬಹುದು. ಆದರೆ ವಿಸ್ತೀರ್ಣದ ದಾರಿ ಬೇಗ ಮುಟ್ಟಿಸುತ್ತದೆ. ವಿಕರ್ಣ 25. ಒಂದೇ ವಿಸ್ತೀರ್ಣವನ್ನು 15 × 20ರ ಅರ್ಧ ಅಂತಲೂ ಬರೆಯಬಹುದು, 25 × ಲಂಬದ ಅರ್ಧ ಅಂತಲೂ ಬರೆಯಬಹುದು. ಹಾಗಾಗಿ ಲಂಬ 300 ÷ 25 = 12.

ಇದೇ ಉಪಾಯ ಇನ್ನೊಂದು ಕಡೆ ಬಳಸೋಣ. ಲಂಬಕೋನದ ಅಕ್ಕಪಕ್ಕದ ಬಾಹುಗಳು 6 ಮತ್ತು 12. ಲಂಬಕೋನದ ಮೂಲೆಗೆ ಅಂಟಿಕೊಂಡಂತೆ ಒಳಗೊಂದು ಚೌಕ ಇದೆ, ಅದರ ಎದುರು ಮೂಲೆ ವಿಕರ್ಣವನ್ನು ಮುಟ್ಟುತ್ತದೆ. ಚೌಕದ ಬಾಹು ಎಷ್ಟು? ಲಂಬಕೋನದ ಮೂಲೆಯಿಂದ ಆ ಮುಟ್ಟಿದ ಬಿಂದುವಿಗೆ ಗೆರೆ ಎಳೆಯಿರಿ. ತ್ರಿಭುಜ ಎರಡಾಯಿತು. ಒಂದರ ಪಾದ 6, ಇನ್ನೊಂದರ ಪಾದ 12. ಎರಡಕ್ಕೂ ಎತ್ತರ ಚೌಕದ ಬಾಹುವೇ. ಆ ಬಾಹುವಿನ 3 ಪಟ್ಟು ಮತ್ತು 6 ಪಟ್ಟು ಕೂಡಿದರೆ 9 ಪಟ್ಟು. ಪೂರ್ತಿ ವಿಸ್ತೀರ್ಣ 36. ಹಾಗಾದರೆ ಬಾಹು 4.

ವಿಕರ್ಣ ಮತ್ತು ಸುತ್ತಳತೆ ಕೊಟ್ಟು ವಿಸ್ತೀರ್ಣ ಕೇಳುವುದೂ ಉಂಟು. ವಿಕರ್ಣ 20, ಸುತ್ತಳತೆ 48 ಅಂದುಕೊಳ್ಳಿ. ಉಳಿದೆರಡು ಬಾಹುಗಳ ಮೊತ್ತ 28. ಮೊತ್ತದ ವರ್ಗ 784. ಬಾಹುಗಳ ವರ್ಗಗಳ ಮೊತ್ತ 400. ವ್ಯತ್ಯಾಸ 384, ಇದು ಎರಡು ಬಾಹುಗಳ ಗುಣಲಬ್ಧದ ಎರಡರಷ್ಟು. ವಿಸ್ತೀರ್ಣ ಅಂದರೆ ಗುಣಲಬ್ಧದ ಅರ್ಧ, ಅಂದರೆ 384ರ ಕಾಲು ಭಾಗ, 96. ಬಾಹುಗಳು ಎಷ್ಟೆಷ್ಟು ಅಂತ ನಮಗೆ ಬೇಕಾಗಲೇ ಇಲ್ಲ. 20 ನೋಡಿ 12-16-20 ಅಂತ ಮೊದಲೇ ಊಹಿಸಿದವರಿಗೆ ಇದೂ ಬೇಕಿರಲಿಲ್ಲ. ಪರೀಕ್ಷೆಯಲ್ಲಿ ಊಹಿಸಿ ತಾಳೆ ನೋಡುವುದು ತಪ್ಪೇನಲ್ಲ.

ಹೋಲಿಕೆಯ ಪ್ರಶ್ನೆಗಳು: ಇಲ್ಲಿ ಜಾಸ್ತಿ ಹುಷಾರು

ಜಿಆರ್‌ಇಯಲ್ಲಿ ಎರಡು ಪರಿಮಾಣ ಕೊಟ್ಟು ಯಾವುದು ದೊಡ್ಡದು ಅಂತ ಕೇಳುವ ಪ್ರಶ್ನೆಗಳಿವೆ. ಉತ್ತರ ನಾಲ್ಕೇ: ಮೊದಲನೆಯದು ದೊಡ್ಡದು, ಎರಡನೆಯದು ದೊಡ್ಡದು, ಎರಡೂ ಸಮ, ಹೇಳಲು ಆಗುವುದಿಲ್ಲ. ಲಂಬಕೋನದ ಸುಳ್ಳು ಸಾಕ್ಷಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಎಬಿ 6, ಬಿಸಿ 8 ಅಂತ ಕೊಟ್ಟು ಚಿತ್ರದಲ್ಲಿ ಬಿ ಹತ್ತಿರ ಲಂಬಕೋನದಂತೆ ತೋರಿಸಿದ್ದಾರೆ. ಚೌಕದ ಗುರುತು ಇಲ್ಲ. ಎಸಿ ದೊಡ್ಡದಾ, 10 ದೊಡ್ಡದಾ? ‘ಸಮ’ ಒತ್ತಿದರೆ ಅಂಕ ಹೋಯಿತು. ಬಿ ಕೋನ ಗೊತ್ತಿಲ್ಲ, ಎಸಿ 2ರಿಂದ 14ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಹೇಳಲು ಆಗುವುದಿಲ್ಲ ಅನ್ನುವುದೇ ಸರಿ. ಬಿ 90ಕ್ಕಿಂತ ಜಾಸ್ತಿ ಅಂತ ಒಂದು ಸಾಲು ಸೇರಿಸಿದರೆ ಎಸಿ ದೊಡ್ಡದು.

ಈಗ ಅದೇ ತ್ರಿಭುಜದ ವಿಸ್ತೀರ್ಣವನ್ನು 25ರ ಜೊತೆ ಹೋಲಿಸಿ ಅಂದರೆ? ಕೋನ ಗೊತ್ತಿಲ್ಲವಲ್ಲ, ಇದೂ ಹೇಳಲಾಗದು ಅಂತ ಒತ್ತುವವರು ಬಹಳ. ಸ್ವಲ್ಪ ನಿಲ್ಲಿ. 8 ಪಾದ ಅಂದುಕೊಂಡರೆ ಎತ್ತರ 6ಕ್ಕಿಂತ ಜಾಸ್ತಿ ಆಗಲು ಸಾಧ್ಯವೇ ಇಲ್ಲ. 6ರ ಬಾಹು ನೆಟ್ಟಗೆ ನಿಂತಾಗ ವಿಸ್ತೀರ್ಣ 24, ಅದೇ ಗರಿಷ್ಠ. ಎಷ್ಟು ವಾಲಿದರೂ 24 ದಾಟುವುದಿಲ್ಲ. 25 ದೊಡ್ಡದು. ಕೋನ ಗೊತ್ತಿಲ್ಲದೆಯೇ ಖಚಿತ ಉತ್ತರ ಬಂತು.

ನನಗೆ ತುಂಬಾ ಇಷ್ಟವಾದ ಜೋಡಿ ಇದು: 17, 17, 16 ಬಾಹುಗಳ ತ್ರಿಭುಜದ ವಿಸ್ತೀರ್ಣ ಒಂದು ಕಡೆ, 17, 17, 30 ಬಾಹುಗಳದ್ದು ಇನ್ನೊಂದು ಕಡೆ. 30 ಕಂಡ ಕೂಡಲೇ ಎರಡನೆಯದೇ ದೊಡ್ಡದು ಅನ್ನಿಸುತ್ತದೆ. ಲಂಬ ಇಳಿಸಿ ನೋಡಿ. ಮೊದಲನೆಯದರಲ್ಲಿ ಅರ್ಧ ಪಾದ 8, ಎತ್ತರ 15. ಎರಡನೆಯದರಲ್ಲಿ ಅರ್ಧ ಪಾದ 15, ಎತ್ತರ 8. ಎರಡೂ 120. ಒಂದೇ ಜೋಡಿ 8-15-17 ತ್ರಿಭುಜಗಳನ್ನು ಒಮ್ಮೆ ನಿಲ್ಲಿಸಿ ಜೋಡಿಸಿದ್ದಾರೆ, ಒಮ್ಮೆ ಮಲಗಿಸಿ.

ಉತ್ತರ ತುಂಬುವಾಗ

ಆಯ್ಕೆಗಳಲ್ಲಿ √ ಇದ್ದರೆ ಕೊನೆವರೆಗೂ √ ಇಟ್ಟುಕೊಂಡೇ ಲೆಕ್ಕ ಮಾಡಿ, ಮಧ್ಯದಲ್ಲಿ ದಶಮಾಂಶ ಮಾಡಬೇಡಿ. ಖಾಲಿ ಪೆಟ್ಟಿಗೆಯಲ್ಲಿ ಉತ್ತರ ಟೈಪ್ ಮಾಡುವ ಪ್ರಶ್ನೆಯಲ್ಲಿ √ ಹಾಕಲು ಆಗುವುದಿಲ್ಲ. ಅಂದಾಜು ಮಾಡಿ ಅಂತ ಹೇಳದೇ ಇದ್ದು, ನಿಮ್ಮ ಕೈಯಲ್ಲಿ √ ಉಳಿದಿದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ. ಮತ್ತೆ ಪ್ರಶ್ನೆ ಓದಿ. ಬಾಹು ಕೇಳಿದ್ದಾರಾ, ಬಾಹುವಿನ ವರ್ಗ ಕೇಳಿದ್ದಾರಾ, ಸುತ್ತಳತೆ ಕೇಳಿದ್ದಾರಾ ಅಂತ ನೋಡಿ.

ಎರಡು ನಿಮಿಷ ಕಳೆದರೂ ಲಂಬಕೋನ ಕಾಣದಿದ್ದರೆ ಒಂದು ಉತ್ತರ ಒತ್ತಿ, ಗುರುತು ಹಾಕಿ ಮುಂದೆ ಹೋಗಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸೆಕ್ಷನ್ ಮುಗಿಯುವ ಮುಂಚೆ ಅದಕ್ಕೆ ವಾಪಸ್ ಬರಬಹುದು. ಮನೆಯಿಂದ ಪರೀಕ್ಷೆ ಬರೆಯುವವರು ಚಿಕ್ಕ ವೈಟ್‌ಬೋರ್ಡ್ ಮೇಲೆ ಮಾರ್ಕರ್‌ನಲ್ಲಿ ಚಿತ್ರ ಬರೆಯುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ, ಬಿಡಿ ಕಾಗದ ಬಳಸಲು ಬಿಡುವುದಿಲ್ಲ. ಪೂರ್ತಿ ಪರೀಕ್ಷೆಯ ಅನುಭವಕ್ಕೆ ಇಟಿಎಸ್‌ನ ಉಚಿತ ಪವರ್‌ಪ್ರೆಪ್ ಪರೀಕ್ಷೆಗಳಿವೆ.

ನಾಲ್ಕು ಪ್ರಶ್ನೆ, ನಿಮಗೇ

1. ಸಮಬಾಹು ತ್ರಿಭುಜದ ಎತ್ತರ 12. ವಿಸ್ತೀರ್ಣ ಎಷ್ಟು?

2. ಲಂಬಕೋನ ತ್ರಿಭುಜದ ಎರಡು ಬಾಹುಗಳು 5 ಮತ್ತು 12. ಮೂರನೇ ಬಾಹು ದೊಡ್ಡದಾ, 13 ದೊಡ್ಡದಾ, ಎರಡೂ ಸಮವಾ, ಹೇಳಲಾಗದಾ?

3. ವೃತ್ತದ ಕೇಂದ್ರದಿಂದ 5 ದೂರದಲ್ಲಿ 24 ಉದ್ದದ ಜ್ಯಾ ಇದೆ. ವೃತ್ತದ ಪರಿಧಿ ಎಷ್ಟು?

4. ಆಯತದ ಸುತ್ತಳತೆ 34, ಕರ್ಣ 13. ವಿಸ್ತೀರ್ಣ ಎಷ್ಟು?

ಉತ್ತರಗಳು: ಮೊದಲನೆಯದಕ್ಕೆ 48√3. ಇಲ್ಲಿ 12 ಅನ್ನುವುದು 60ರ ಎದುರಿನ ಬಾಹು, ಚಿಕ್ಕದು 4√3, ಪಾದ 8√3. ಎರಡನೆಯದಕ್ಕೆ ಹೇಳಲಾಗದು. 12 ವಿಕರ್ಣವಾಗಿದ್ದರೆ ಮೂರನೆಯದು √119, ಅಂದರೆ 11ಕ್ಕಿಂತ ಸ್ವಲ್ಪ ಕಡಿಮೆ. ಮೂರನೆಯದಕ್ಕೆ 26π. ಜ್ಯಾದ ಅರ್ಧ 12, ದೂರ 5, ತ್ರಿಜ್ಯ 13. ನಾಲ್ಕನೆಯದಕ್ಕೆ 60. ಉದ್ದ ಅಗಲಗಳ ಮೊತ್ತ 17, ಅದರ ವರ್ಗ 289ರಲ್ಲಿ 169 ಕಳೆದು ಅರ್ಧ ಮಾಡಿ.